ವಿಲಾಯತಿ ಹತ್ತಿಯ ಜಾಡಿನಲ್ಲಿ ಆಫ್ರಿಕಾದ ಓದು

ಪದವಿ ತರಗತಿಯಲ್ಲಿ ಮುಖ್ಯ ವಿಷಯದ ಜೊತೆಗೆ ಇನ್ನೊಂದು ಕ್ಷೇತ್ರವನ್ನು ಅಳತೆಯಲ್ಲಿ ಚಿಕ್ಕದಾಗಿ, ಆದರೆ ಕ್ರಮಬದ್ಧವಾಗಿ ಓದುವುದಕ್ಕೆ ‘ಮೈನರ್’ ಎಂದು ಹೆಸರು. ಕನ್ನಡದಲ್ಲಿ ಅದನ್ನು ಉಪವಿಷಯ ಎನ್ನಬಹುದು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಐದಾರು ಪತ್ರಿಕೆಗಳನ್ನು ಮುಗಿಸಿದವರ ಅಂಕಪಟ್ಟಿಯಲ್ಲಿ ಆ ಉಪವಿಷಯದ ಹೆಸರು ದಾಖಲಾಗುತ್ತದೆ. ಎಂಜಿನಿಯರಿಂಗ್ ಓದುವವನು ಸಂಗೀತವನ್ನು, ವೈದ್ಯಕೀಯಕ್ಕೆ ಸಿದ್ಧಳಾಗುವವಳು ಇತಿಹಾಸವನ್ನು ಹೀಗೆ ಆರಿಸಿಕೊಳ್ಳುವುದು ಅಲ್ಲಿ ವಾಡಿಕೆ. ಅಂಥ ಪಟ್ಟಿಗಳಲ್ಲಿ ‘ಆಫ್ರಿಕನ್ ಮತ್ತು ಆಫ್ರಿಕನ್-ಅಮೆರಿಕನ್ ಅಧ್ಯಯನ’ ಎಂಬ ಹೆಸರನ್ನು ಕಂಡ ಪಾಲಕರು ಮತ್ತು ವಿದ್ಯಾರ್ಥಿಗಳು, ಇದು ಎಂಥ ಓದು, ಬೈಲಹೊಂಗಲದಿಂದಲೋ ರಾಮದುರ್ಗದಿಂದಲೋ ಹೋದ ಮಗುವಿಗೆ ಇದರಿಂದ ದಕ್ಕುವುದೇನು ಎಂದು ಈ ಅಂಕಣವನ್ನು ಕೇಳುತ್ತಲೇ ಇದ್ದಾರೆ. ಈ ಪ್ರಶ್ನೆಯೊಳಗೆ ಒಂದು ಊಹೆ ಅಡಗಿದೆ. ಅದು ದೂರದ ಜನರ ದೂರದ ಕಥೆ ಎಂಬ ಊಹೆ. ಮಲಪ್ರಭೆಯ ದಂಡೆಯ ಜನ ಆ ಊಹೆಯನ್ನು ಮೊದಲು ಕೈಬಿಡಬೇಕಾಗುತ್ತದೆ, ಏಕೆಂದರೆ ಈ ಸೀಮೆಯ ಹೊಲ, ಕಾಡು ಮತ್ತು ಹಾಡು ಮೂರರಲ್ಲೂ ಆಫ್ರಿಕಾದ ಜನರ ಇತಿಹಾಸ ಬೆರೆತುಕೊಂಡಿದೆ.

ಈ ಅಧ್ಯಯನ ಹುಟ್ಟಿದ್ದು ವಿದ್ವಾಂಸರ ಸಭೆಯಲ್ಲಿ ಅಲ್ಲ, ವಿದ್ಯಾರ್ಥಿಗಳ ಮುಷ್ಕರದಲ್ಲಿ. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ತರಗತಿಗಳನ್ನು ಬಹಿಷ್ಕರಿಸಿ ಹೂಡಿದ ಹೋರಾಟ ಮರುವರ್ಷದ ಮಾರ್ಚ್‌ವರೆಗೆ ನಡೆಯಿತು; ಅದರ ಫಲವಾಗಿ ಅಲ್ಲಿ ಕಪ್ಪು ಜನರ ಅಧ್ಯಯನಕ್ಕೆಂದೇ ಒಂದು ವಿಭಾಗ ತೆರೆಯಿತು. ಅವರ ಬೇಡಿಕೆ ಸರಳವಾಗಿತ್ತು: ತಮ್ಮ ಅಜ್ಜ ಮುತ್ತಜ್ಜಂದಿರ ಬೆವರಿನಿಂದ ಕಟ್ಟಿದ ದೇಶದ ಪಠ್ಯದಲ್ಲಿ ಆ ಅಜ್ಜ ಮುತ್ತಜ್ಜಂದಿರು ಕೇವಲ ಕೊಂಡು ಮಾರಿದ ಸರಕಾಗಿ ಬರಬಾರದು, ಯೋಚಿಸಿದ, ಹಾಡಿದ, ಎದುರು ನಿಂತ ಮನುಷ್ಯರಾಗಿ ಬರಬೇಕು. ಅದಕ್ಕೂ ಮೊದಲು ಈ ಕೆಲಸವನ್ನು ವಿಶ್ವವಿದ್ಯಾಲಯದ ಅಂಚಿನಲ್ಲಿ ನಿಂತು ಮಾಡಿದವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಡಬ್ಲ್ಯು. ಇ. ಬಿ. ಡುಬೋಯ್ಸ್, 1903ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು, ತನ್ನನ್ನು ತಾನೇ ನೇರವಾಗಿ ಕಾಣಲಾಗದೆ ಯಾವಾಗಲೂ ಇನ್ನೊಬ್ಬರ ತಾತ್ಸಾರದ ಕಣ್ಣಿನಿಂದಲೇ ಅಳೆದುಕೊಳ್ಳಬೇಕಾದ ಜನರ ಸ್ಥಿತಿಗೆ ‘ಇಬ್ಬಗೆಯ ಅರಿವು’ ಎಂಬ ಅರ್ಥ ಬರುವ ಹೆಸರು ಕೊಟ್ಟರು. ಇನ್ನೊಬ್ಬರು ಕಾರ್ಟರ್ ವುಡ್ಸನ್. 1926ರಲ್ಲಿ ಅವರು ಆರಂಭಿಸಿದ ಕಪ್ಪು ಜನರ ಇತಿಹಾಸದ ಸಪ್ತಾಹವೇ 1976ರಿಂದ ಇಡೀ ತಿಂಗಳ ಆಚರಣೆಯಾಗಿ ಬೆಳೆಯಿತು. ಭಾರತದಲ್ಲಿ ದಿಲ್ಲಿ ವಿಶ್ವವಿದ್ಯಾಲಯ 1955ರಲ್ಲಿ, ಮುಂಬಯಿ ವಿಶ್ವವಿದ್ಯಾಲಯ 1971ರಲ್ಲಿ ಆಫ್ರಿಕಾ ಅಧ್ಯಯನದ ವಿಭಾಗಗಳನ್ನು ತೆರೆದವು. ಆದರೆ ಅವುಗಳ ಒಲವು ಹೆಚ್ಚಾಗಿ ಆಫ್ರಿಕಾದ ಹೊಸ ರಾಷ್ಟ್ರಗಳ ರಾಜಕೀಯ, ವ್ಯಾಪಾರ ಮತ್ತು ರಾಜತಾಂತ್ರಿಕ ಸಂಬಂಧಗಳ ಕಡೆಗಿತ್ತು.

ಕರ್ನಾಟಕದ ಪದವಿ ಕಾಲೇಜುಗಳಿಗೆ ‘ಮೇಜರ್’ ಮತ್ತು ‘ಮೈನರ್’ ಎಂಬ ಮಾತು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಗಳ ಪದವಿಗೆ, ಸಮಾನ ತೂಕದ ಮೂರು ವಿಷಯಗಳ ಪದ್ಧತಿಗೆ ಮರಳಿತು. ಹೆಸರು ಬದಲಾದರೂ ಐಚ್ಛಿಕ ಪತ್ರಿಕೆ, ಕ್ಷೇತ್ರಕಾರ್ಯ, ಕಿರುಪ್ರಬಂಧಗಳಿಗೆ ಅವಕಾಶ ಇದ್ದೇ ಇದೆ, ಆದ್ದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಾಲೇಜುಗಳಲ್ಲಿ ಇಂಥ ಓದು ಅಸಾಧ್ಯವೇನಲ್ಲ. ಆದರೆ ಅದು ಎಲ್ಲಿಂದ ಶುರುವಾಗಬೇಕೆಂಬುದು ಮುಖ್ಯ. ಅಮೆರಿಕದ ಪಠ್ಯಕ್ರಮವನ್ನು ಹಾಗೆಯೇ ತಂದು ಇಲ್ಲಿ ಒಪ್ಪಿಸಿದರೆ ವಿದ್ಯಾರ್ಥಿ ನಾಲ್ಕು ಹೆಸರು, ಹತ್ತು ಇಸವಿ ಬಾಯಿಪಾಠ ಮಾಡಿ ಮುಗಿಸುತ್ತಾನೆ. ಅವನ ಕಾಲಡಿಯ ಎರೆಮಣ್ಣಿನಿಂದ ಶುರುಮಾಡಿದರೆ ಕಥೆ ಬೇರೆಯಾಗುತ್ತದೆ.

ಎರೆಮಣ್ಣು ಎಂದರೆ ಹತ್ತಿ. ಬೈಲಹೊಂಗಲದ ಪೇಟೆ ಬೆಳೆದದ್ದೇ ಹತ್ತಿಯ ವ್ಯಾಪಾರದಿಂದ. ಸವದತ್ತಿ ಮತ್ತು ರಾಮದುರ್ಗದ ಹೊಲಗಳಿಂದ ಬಂದ ಚಕ್ಕಡಿಗಳು ಇಲ್ಲಿಯ ಜಿನ್ನುಗಳ ಮುಂದೆ ಸಾಲುಗಟ್ಟುತ್ತಿದ್ದ ಕಾಲವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಈ ಸೀಮೆಯ ರೈತರ ಬಾಯಲ್ಲಿ ಹತ್ತಿಗೆ ಎರಡು ಜಾತಿಗಳಿದ್ದವು: ಒಂದು ಜವಾರಿ, ಇನ್ನೊಂದು ವಿಲಾಯತಿ. ವಿಲಾಯತಿ ಎಂಬ ಪದ ಇಂಗ್ಲೆಂಡನ್ನು ನೆನಪಿಸಿದರೂ ಆ ಬೀಜ ಬಂದದ್ದು ಇಂಗ್ಲೆಂಡಿನಿಂದಲ್ಲ, ಅಮೆರಿಕದ ನ್ಯೂ ಆರ್ಲಿಯನ್ಸ್‌ನಿಂದ. ಉದ್ದ ಎಳೆಯ ಹತ್ತಿಗಾಗಿ ಅಮೆರಿಕವೊಂದನ್ನೇ ನೆಚ್ಚಿಕೊಂಡಿದ್ದ ಬ್ರಿಟನ್ನಿನ ಗಿರಣಿ ಮಾಲೀಕರ ಒತ್ತಾಯಕ್ಕೆ ಮಣಿದು ಈಸ್ಟ್ ಇಂಡಿಯಾ ಕಂಪನಿಯು 1840ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಅವರು ಬೇರೆ ಬೇರೆ ಪ್ರಾಂತಗಳಲ್ಲಿ ನಡೆಸಿದ ಪ್ರಯೋಗಗಳು ಬಹುಪಾಲು ಸೋತವು. ನೆಲೆ ನಿಂತದ್ದು ಧಾರವಾಡದ ಸುತ್ತ, ಮುಂಗಾರಿನ ತೇವದ ಜೊತೆಗೆ ಹಿಂಗಾರಿನ ಮಳೆಯನ್ನೂ ಪಡೆಯುವ ಈ ನೆಲದಲ್ಲಿ. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲವಿತ್ತು; ‘ಧಾರವಾಡ-ಅಮೆರಿಕನ್’ ಎಂದು ಲಿವರ್‌ಪೂಲ್ ಪೇಟೆಯಲ್ಲಿ ಹೆಸರಾದ ತಳಿ 1861ರ ಹೊತ್ತಿಗೆ ಧಾರವಾಡ ಜಿಲ್ಲೆಯೊಂದರಲ್ಲೇ ಲಕ್ಷ ಎಕರೆ ದಾಟಿತ್ತು, ಮತ್ತು ಅದು ನೆರೆಯ ಬೆಳಗಾವಿಯ ಸಂಪಗಾಂವಿ ಹಾಗೂ ಪರಸಗಡ ತಾಲ್ಲೂಕುಗಳಿಗೂ, ಅಂದರೆ ಇಂದಿನ ಬೈಲಹೊಂಗಲ ಮತ್ತು ಸವದತ್ತಿಯ ಹೊಲಗಳಿಗೂ ಹಬ್ಬಿತು.

ಆ ಬೀಜವನ್ನು ಅಮೆರಿಕದಲ್ಲಿ ಬಿತ್ತಿ, ಕಳೆ ತೆಗೆದು, ಬಿಡಿಸಿ, ಜಿನ್ನಿಗೆ ಹೊತ್ತವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ಹದಿನಾರನೆಯ ಶತಮಾನದ ಆರಂಭದಿಂದ 1860ರ ದಶಕದವರೆಗೆ ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ಹತ್ತಿಸಲಾದ ಆಫ್ರಿಕನ್ನರ ಸಂಖ್ಯೆ ಸುಮಾರು 1.25 ಕೋಟಿಯೆಂದು ಇತಿಹಾಸಕಾರರು ಹಡಗುಗಳ ದಾಖಲೆಗಳಿಂದ ಅಂದಾಜಿಸಿದ್ದಾರೆ; ಅವರಲ್ಲಿ ಸುಮಾರು 18 ಲಕ್ಷ ಜನ ದಡ ಸೇರುವ ಮೊದಲೇ ಸತ್ತರು. 1793ರಲ್ಲಿ ಎಲೈ ವಿಟ್ನಿ ರೂಪಿಸಿದ ಜಿನ್ನು ಹತ್ತಿಯಿಂದ ಬೀಜ ಬೇರ್ಪಡಿಸುವುದನ್ನು ಸುಲಭಗೊಳಿಸಿತು, ಆದರೆ ಗುಲಾಮಗಿರಿಯನ್ನು ಸಡಿಲಿಸಲಿಲ್ಲ. ಹೆಚ್ಚು ಹತ್ತಿಯನ್ನು ಅರೆಯಬಲ್ಲ ಯಂತ್ರ ಹೆಚ್ಚು ಹೊಲವನ್ನೂ ಹೆಚ್ಚು ಗುಲಾಮರನ್ನೂ ಬೇಡಿತು. ಯಂತ್ರ ಬಂದರೆ ದುಡಿಯುವವರ ಹೊರೆ ಇಳಿಯುತ್ತದೆ ಎಂದು ನಂಬುವ ವಿದ್ಯಾರ್ಥಿಗೆ ಈ ಒಂದು ಉದಾಹರಣೆ ಇಡೀ ಅರ್ಥಶಾಸ್ತ್ರದ ಪಾಠವಾಗಬಲ್ಲದು. ಧಾರವಾಡ ಸೀಮೆಯಲ್ಲಿ ಆವರೆಗೆ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿಯನ್ನಿಟ್ಟು ಕಾಲಿನಿಂದ ಕಬ್ಬಿಣದ ಸಲಾಕೆ ಉರುಳಿಸಿ ಬೀಜ ತೆಗೆಯುತ್ತಿದ್ದರು. ವಿಲಾಯತಿ ಹತ್ತಿಯ ಬೀಜ ಎಳೆಗೆ ಬಿಗಿಯಾಗಿ ಅಂಟಿರುವುದರಿಂದ ಅದಕ್ಕೆ ಅಮೆರಿಕದ ಗರಗಸದ ಹಲ್ಲಿನ ಜಿನ್ನೇ ಬೇಕಾಯಿತು. ಹೀಗೆ ಬೀಜದ ಹಿಂದೆಯೇ ಯಂತ್ರವೂ ಬಂತು. 1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ದಕ್ಷಿಣದ ಬಂದರುಗಳು ಮುಚ್ಚಿದಾಗ ಲ್ಯಾಂಕಶೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತವು, ಈ ಸೀಮೆಯ ಹತ್ತಿಯ ಬೆಲೆ ಹಲವು ಪಟ್ಟು ಏರಿತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಅದು ಕುಸಿಯಿತು. ಗುಲಾಮರ ಬಿಡುಗಡೆಯ ಯುದ್ಧ ಸಂಪಗಾಂವಿಯ ರೈತನ ಮನೆಯ ಏಳುಬೀಳನ್ನು ನಿರ್ಧರಿಸಿತು ಎಂಬುದು ಉತ್ಪ್ರೇಕ್ಷೆಯಲ್ಲ.

ಆ ಏರಿದ ಬೆಲೆಯ ಹತ್ತಿಯನ್ನು ಹಡಗಿಗೆ ತಲುಪಿಸಲು ಹತ್ತಿರದ ಬಂದರು ಬೇಕಾಗಿತ್ತು, ಮತ್ತು ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಕಾರವಾರದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದಿದ್ದ ಮುಖ್ಯ ಒತ್ತಡ ಈ ಹತ್ತಿಯದೇ. ಹುಬ್ಬಳ್ಳಿಯಿಂದ ಹೊರಟು ಯಲ್ಲಾಪುರದ ದಟ್ಟ ಕಾಡನ್ನು ದಾಟಿ ಅರಬೈಲ್ ಘಟ್ಟ ಇಳಿಯುವ ದಾರಿ ಹತ್ತಿಯ ಚಕ್ಕಡಿಗಳ ದಾರಿಯಾಯಿತು. ಅದೇ ಕಾಡಿನಲ್ಲಿ, ಆ ದಾರಿಯ ಎರಡೂ ಬದಿಗೆ, ಆಫ್ರಿಕಾ ಮೂಲದ ಸಿದ್ದಿಗಳು ವಾಸವಾಗಿದ್ದರು. ಆಫ್ರಿಕಾದ ಪಶ್ಚಿಮ ದಂಡೆಯಿಂದ ಒಯ್ದ ಗುಲಾಮರು ಅಮೆರಿಕದಲ್ಲಿ ಬೆಳೆಸಿದ ತಳಿಯ ಹತ್ತಿ, ಅದೇ ಖಂಡದ ಪೂರ್ವ ದಂಡೆಯಿಂದ ತಂದ ಗುಲಾಮರ ವಂಶಸ್ಥರು ನೆಲೆಸಿದ್ದ ಕಾಡಿನ ನಡುವೆ ಕನ್ನಡದ ಚಕ್ಕಡಿಗಳಲ್ಲಿ ಸಾಗಿತು. ಎರಡು ಸಾಗರಗಳ ಗುಲಾಮಗಿರಿಯ ಇತಿಹಾಸಗಳು ಇಷ್ಟು ಹತ್ತಿರ ಬಂದ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ, ಮತ್ತು ಇದನ್ನು ಇಲ್ಲಿಯ ಯಾವ ಶಾಲೆಯ ಮಗುವೂ ಅರಿಯದೆ ದೊಡ್ಡದಾಗುತ್ತಿರುವುದು ನಿಜವಾದ ನಷ್ಟ.

ಸಿದ್ದಿ ಎಂಬ ಹೆಸರು ಅರಬಿ ಭಾಷೆಯ ಗೌರವಸೂಚಕ ಪದವೊಂದರಿಂದ ಬಂದಿದೆ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅದಕ್ಕೂ ಸಿದ್ಧಾರೂಢರ ಹೆಸರಿನ ‘ಸಿದ್ಧ’ನಿಗೂ ಸಂಬಂಧವಿಲ್ಲ. ಹಬಶಿ ಎಂಬ ಇನ್ನೊಂದು ಹೆಸರು ಅಬಿಸೀನಿಯ, ಅಂದರೆ ಇಂದಿನ ಇಥಿಯೋಪಿಯದ ಅರಬಿ ಹೆಸರಿನಿಂದ ಹುಟ್ಟಿತು. ಕರ್ನಾಟಕದ ಸಿದ್ದಿಗಳ ಪೂರ್ವಜರಲ್ಲಿ ಬಹಳಷ್ಟು ಜನರನ್ನು ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕಾದ ನೆಲೆಗಳಿಂದ ಗೋವೆಗೆ ತಂದು ಮನೆಗೆಲಸಕ್ಕೆ, ಕಾವಲಿಗೆ, ಹೊರೆ ಹೊರಲು ಇಟ್ಟುಕೊಂಡಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಮತ್ತು ಬಿಡುಗಡೆಯಾದವರು ಸಹ್ಯಾದ್ರಿಯ ಕಾಡು ಸೇರಿದರು. ಇಂದು ಅವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ, ಧಾರವಾಡ ಜಿಲ್ಲೆಯ ಕಲಘಟಗಿಯ ಕಡೆಗೆ, ಮತ್ತು ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನಲ್ಲಿ ಇದ್ದಾರೆ. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. ಮನೆಯೊಳಗೆ ಕೊಂಕಣಿಯನ್ನು ಹೋಲುವ ಮಾತು ಅಥವಾ ಉರ್ದು, ಹೊರಗೆ ಕನ್ನಡ. ಮತ ಯಾವುದಾದರೂ ಹಿರಿಯರ ಆರಾಧನೆ ಮತ್ತು ಡಮಾಮಿ ಎಂಬ ಡೋಲಿನ ಬಡಿತ ಅವರನ್ನು ಒಂದು ಜನವಾಗಿ ಹಿಡಿದಿಟ್ಟಿವೆ. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ, ಅವರ ವಂಶವಾಹಿಗಳಲ್ಲಿ ಆಫ್ರಿಕಾದ ಬಾಂಟು ಭಾಷಿಕ ಜನರ ಪಾಲು ದೊಡ್ಡದೆಂದೂ ಅದರೊಡನೆ ಭಾರತೀಯ ಪಾಲು ಬೆರೆತಿದೆಯೆಂದೂ ತೋರಿಸಿತು. ಆದರೆ ರಕ್ತದ ಪರೀಕ್ಷೆ ಹೇಳದ ಸಂಗತಿಗಳನ್ನು ಹೇಳಲು ಬೇರೆ ವಿದ್ವಾಂಸರು ಬೇಕಾದರು. ಟಿ. ಸಿ. ಪಾಲಾಕ್ಷಪ್ಪನವರು 1976ರಲ್ಲಿ ಉತ್ತರ ಕನ್ನಡದ ಸಿದ್ದಿಗಳ ಮೇಲೆ ಗ್ರಂಥ ಪ್ರಕಟಿಸಿದರು. ಮೂರು ದಶಕಗಳ ನಂತರ ಘಾನಾ ಮೂಲದ ಪಾಶಿಂಗ್ಟನ್ ಒಬೆಂಗ್ ಅದೇ ಜನರ ನಡುವೆ ಓಡಾಡಿ, ಅವರು ಭಾರತೀಯರಾಗಿ ತಮ್ಮ ಸ್ಥಾನವನ್ನು ಹೇಗೆ ಕಟ್ಟಿಕೊಳ್ಳುತ್ತಾರೆಂದು ಬರೆದರು. ಹುಟ್ಟಿದ ನೆಲದಿಂದ ಚದುರಿಹೋಗಿ ಬೇರೆ ಬೇರೆ ಕಡೆ ಬೇರು ಬಿಟ್ಟ ಸಮುದಾಯಕ್ಕೆ ವಿದ್ವಾಂಸರು ‘ಡಯಾಸ್ಪೊರಾ’ ಎನ್ನುತ್ತಾರೆ. ಆಫ್ರಿಕಾದ ಡಯಾಸ್ಪೊರಾ ಎಂದರೆ ಅಮೆರಿಕ ಮಾತ್ರ ಎಂಬ ತಿಳಿವಳಿಕೆಯನ್ನು ತಿದ್ದುವ ಸಾಕ್ಷ್ಯ ಖಾನಾಪುರದಲ್ಲಿದೆ, ಬೈಲಹೊಂಗಲದಿಂದ ಬೆಳಿಗ್ಗೆ ಹೊರಟವರು ಸಂಜೆಗೆ ಮನೆ ಸೇರುವಷ್ಟು ಹತ್ತಿರದಲ್ಲಿ.

ಎಲ್ಲ ಆಫ್ರಿಕನ್ನರೂ ಇಲ್ಲಿಗೆ ಬಂದು ಕಾಡಿನಲ್ಲಿ ಅಡಗಿದರೆಂದು ತಿಳಿಯುವುದೂ ತಪ್ಪು. ದಖ್ಖನ್ನಿನ ಸುಲ್ತಾನರು ತಂದ ಸೈನಿಕ ಗುಲಾಮರಿಗೆ ಮೇಲೇರುವ ದಾರಿಯಿತ್ತು. ಇಥಿಯೋಪಿಯದಲ್ಲಿ ಹುಟ್ಟಿ, ಹಲವು ಕೈ ದಾಟಿ ಮಾರಾಟವಾಗಿ, ಕೊನೆಗೆ ಅಹ್ಮದ್‌ನಗರದ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರ್ 1626ರಲ್ಲಿ ಸಾಯುವವರೆಗೂ ಮೊಗಲರ ಸೈನ್ಯಕ್ಕೆ ದಖ್ಖನ್ನನ್ನು ಬಿಟ್ಟುಕೊಡಲಿಲ್ಲ. ಬೆಳಗಾವಿ ಸೀಮೆಯನ್ನು ಆಳಿದ ವಿಜಾಪುರದ ಆದಿಲಶಾಹಿಯಲ್ಲಿ ಹಬಶಿ ದಿಲಾವರ್ ಖಾನ್ 1580ರ ದಶಕದಲ್ಲಿ ಎಳೆಯ ಸುಲ್ತಾನನ ಪರವಾಗಿ ಆಡಳಿತ ನಡೆಸಿದ, ಮುಂದೆ ಮುಹಮ್ಮದ್ ಆದಿಲಶಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಮಂತ್ರಿಯಾಗಿದ್ದ. ಅಮೆರಿಕದಲ್ಲಿ ಗುಲಾಮ ಹೆಂಗಸಿನ ಮಗು ಗುಲಾಮನೇ ಎಂದು ಕಾನೂನು ಬರೆಯುತ್ತಿದ್ದ ಅದೇ ಶತಮಾನದಲ್ಲಿ ಕನ್ನಡ ನಾಡಿನ ರಾಜಧಾನಿಯೊಂದರಲ್ಲಿ ಆಫ್ರಿಕನ್ ಮಂತ್ರಿಯ ಚಿತ್ರವನ್ನು ಕಲಾವಿದರು ಬರೆಯುತ್ತಿದ್ದರು. ಗುಲಾಮಗಿರಿ ಎಂಬ ಒಂದೇ ಪದ ಎಷ್ಟು ಬೇರೆ ಬೇರೆ ವ್ಯವಸ್ಥೆಗಳನ್ನು ಮುಚ್ಚಿಡುತ್ತದೆ ಎಂಬುದನ್ನು ಅರಿಯುವುದು ಈ ಓದಿನ ಮೊದಲ ಶಿಸ್ತು.

ಎರಡನೆಯ ಶಿಸ್ತು ಇನ್ನೂ ಮುಖ್ಯವಾದುದು, ಮತ್ತು ಕಿತ್ತೂರಿನ ಜನಕ್ಕೆ ಅದು ತೀರ ಹತ್ತಿರದ್ದು: ಬರೆದಿಡದವರ ಇತಿಹಾಸವನ್ನು ಬರೆಯುವುದು ಹೇಗೆ? ತೋಟದ ಲೆಕ್ಕದ ಪುಸ್ತಕದಲ್ಲಿ ಗುಲಾಮನ ಹೆಸರು ಎತ್ತಿನ ಪಕ್ಕದಲ್ಲಿ, ಬೆಲೆಯೊಡನೆ ಬರುತ್ತದೆ. ಅವನ ಮಾತು ಬರುವುದಿಲ್ಲ. ಆ ಕೊರತೆಯನ್ನು ತುಂಬಲು ಅಮೆರಿಕದ ಸರ್ಕಾರಿ ಯೋಜನೆಯೊಂದು 1936ರಿಂದ 1938ರವರೆಗೆ, ಗುಲಾಮರಾಗಿ ಹುಟ್ಟಿ ಇನ್ನೂ ಬದುಕಿದ್ದ ಮುದುಕ ಮುದುಕಿಯರನ್ನು ಹುಡುಕಿ 2,300ಕ್ಕೂ ಹೆಚ್ಚು ಜನರ ನೆನಪುಗಳನ್ನು ಬರೆದುಕೊಂಡಿತು. ನಂತರದ ವಿದ್ವಾಂಸರು ಆ ಬರಹಗಳನ್ನು ಪೂಜಿಸಲಿಲ್ಲ, ಪರೀಕ್ಷಿಸಿದರು: ಕೇಳುವವನು ಬಿಳಿಯನಾಗಿದ್ದಾಗ ಹೇಳುವವಳು ಯಾವ ಮಾತನ್ನು ನುಂಗಿಕೊಂಡಳು, ಬರೆದುಕೊಂಡವನು ಅವಳ ಮಾತಿನ ಧಾಟಿಯನ್ನು ಎಷ್ಟು ತಿರುಚಿದ ಎಂದು ಕೇಳಿದರು. ಕಿತ್ತೂರಿನ ಇತಿಹಾಸವೂ ಇದೇ ಕಷ್ಟದ್ದು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಬಿದ್ದದ್ದನ್ನು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದನ್ನು, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿಸಿದ್ದನ್ನು ಕಂಪನಿಯ ಕಾಗದಪತ್ರ ತನ್ನ ದೃಷ್ಟಿಯಿಂದ ದಾಖಲಿಸಿದೆ. ಜನರ ದೃಷ್ಟಿ ಉಳಿದದ್ದು ಲಾವಣಿಗಳಲ್ಲಿ, ಗೀಗೀ ಪದಗಳಲ್ಲಿ. ರಾಯಣ್ಣನ ದಂಡಿನಲ್ಲಿ ಗಜವೀರನೆಂಬ ಸಿದ್ದಿ ವೀರನಿದ್ದನೆಂಬ ನೆನಪನ್ನು ಕಾಪಾಡಿಕೊಂಡದ್ದೂ ಜನಪದವೇ. ಕಾಗದದಲ್ಲಿಲ್ಲದ್ದು ನಡೆದೇ ಇಲ್ಲ ಎನ್ನುವುದೂ ತಪ್ಪು, ಹಾಡಿನಲ್ಲಿರುವುದೆಲ್ಲ ಹಾಗೆಯೇ ನಡೆಯಿತು ಎನ್ನುವುದೂ ತಪ್ಪು. ಎರಡನ್ನೂ ಒಂದರ ಎದುರು ಇನ್ನೊಂದನ್ನಿಟ್ಟು ಓದುವ ಕಲೆಯನ್ನು ಕಪ್ಪು ಜನರ ಅಧ್ಯಯನ ಕಳೆದ ನೂರು ವರ್ಷಗಳಲ್ಲಿ ಬೇರೆ ಯಾವ ವಿಷಯಕ್ಕಿಂತಲೂ ಚೆನ್ನಾಗಿ ಬೆಳೆಸಿದೆ. ಖಾನಾಪುರ-ಹಳಿಯಾಳದ ಕಾಡಿನಲ್ಲಿ ಅಡಗುತ್ತ ಕಾದಿದ ದಂಡಿಗೆ ಆ ಕಾಡನ್ನು ಅಂಗೈಯಂತೆ ಬಲ್ಲವರ ನೆರವು ಬೇಕೇ ಬೇಕಿತ್ತು ಎಂಬ ಸರಳ ವಿವೇಚನೆಯಿಂದಲೇ ಗಜವೀರನ ಹುಡುಕಾಟ ಶುರುವಾಗಬಹುದು. ಲಾವಣಿ ಎಂಬ ಪದವೇ ಈ ಸೀಮೆಯಲ್ಲಿ ಹಾಡಿಗೂ ಸಲ್ಲುತ್ತದೆ, ಇನ್ನೊಬ್ಬರ ಹೊಲವನ್ನು ಗುತ್ತಿಗೆಗೆ ಮಾಡುವುದಕ್ಕೂ ಸಲ್ಲುತ್ತದೆ. ಬಿಡುಗಡೆಯಾದ ಮೇಲೂ ಭೂಮಿ ಸಿಗದೆ ಹಳೆಯ ಧಣಿಯ ಹೊಲವನ್ನೇ ಪಾಲಿಗೆ ಮಾಡಿ ಸಾಲದಲ್ಲಿ ಮುಳುಗಿದ ಅಮೆರಿಕದ ಕಪ್ಪು ರೈತರ ಪಾಡನ್ನು ಸವದತ್ತಿಯ ಲಾವಣಿದಾರನ ಮಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಷರವಿಲ್ಲದವರ ದಾಖಲೆ ಹಾಡಿನಲ್ಲಿ ಮಾತ್ರವಲ್ಲ, ಬಟ್ಟೆಯಲ್ಲೂ ಇರುತ್ತದೆ. ರಾಮದುರ್ಗದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುವ ಕೌದಿ ಯಾರಿಗೂ ಹೊಸದಲ್ಲ. ಸಿದ್ದಿ ಹೆಂಗಸರೂ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಒಳಗೊಳಗೆ ಸುತ್ತುತ್ತ ನಡುವಿಗೆ ತಲುಪುವ ಅವರ ಹೊಲಿಗೆಯನ್ನು, ಮೂಲೆಗಳಲ್ಲಿ ಹೂವೆಂದು ಇಡುವ ಬಣ್ಣದ ತುಂಡುಗಳನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ವಿವರವಾಗಿ ಅಭ್ಯಸಿಸಿದ್ದಾರೆ. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಹತ್ತಿ ತೋಟದ ಗುಲಾಮರ ವಂಶಸ್ಥರು ಹಳೆಯ ಅಂಗಿ-ಪ್ಯಾಂಟುಗಳಿಂದ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದ ಗೋಡೆ ಏರಿದವು. ಮೂರೂ ಕಡೆಯ ಕೌದಿಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ, ಆದರೆ ಅದರಿಂದಲೇ ಎಲ್ಲವೂ ಆಫ್ರಿಕಾದಿಂದ ಬಂತೆಂದು ತೀರ್ಮಾನಿಸುವುದು ಅವಸರವಾದೀತು. ಬಟ್ಟೆಯ ಕೊರತೆ, ಚಳಿ, ಕೂಡಿ ಹೊಲಿಯುವ ಹೆಂಗಸರ ಬಿಡುವು ಇವು ಎಲ್ಲ ಬಡವರಿಗೂ ಒಂದೇ ಬಗೆಯ ಉತ್ತರವನ್ನು ಕಲಿಸಬಲ್ಲವು. ಇಂಥ ಎಚ್ಚರವನ್ನು ಕಲಿಸುವುದಕ್ಕೆ ಮನೆಯ ಕೌದಿಗಿಂತ ಒಳ್ಳೆಯ ಪಠ್ಯ ಸಿಗಲಾರದು.

ಜಾತಿ ಮತ್ತು ಜನಾಂಗ ಒಂದೇ ಏನು ಎಂಬ ಪ್ರಶ್ನೆ ಈ ಓದಿನಲ್ಲಿ ಬಂದೇ ಬರುತ್ತದೆ. ಬೆಳಗಾವಿಯೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಜೋತಿಬಾ ಫುಲೆಯವರು 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ಯನ್ನು, ಕಪ್ಪು ಜನರನ್ನು ಬಿಡುಗಡೆ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. 1946ರಲ್ಲಿ ಅಂಬೇಡ್ಕರರು ಡುಬೋಯ್ಸ್ ಅವರಿಗೆ ಪತ್ರ ಬರೆದು, ಎರಡೂ ಜನರ ಸ್ಥಿತಿಯ ಹೋಲಿಕೆಯನ್ನು ಪ್ರಸ್ತಾಪಿಸಿ, ವಿಶ್ವಸಂಸ್ಥೆಗೆ ಅಮೆರಿಕದ ಕಪ್ಪು ಜನರು ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯಿಂದ ಪಡೆಯಿತು, ಮತ್ತು ಅದೇ ದಶಕದ ಕನ್ನಡದ ದಲಿತ ಬರವಣಿಗೆಗೂ ಆ ಗಾಳಿ ತಾಗಿತು. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಾಗದು: ಬಣ್ಣ ಮೈಮೇಲೆ ಕಾಣುತ್ತದೆ, ಜಾತಿ ಹೆಸರಿನಲ್ಲಿ, ಓಣಿಯಲ್ಲಿ, ಕೊಡುವ ಲೋಟದಲ್ಲಿ ಅಡಗಿರುತ್ತದೆ. ಸಿದ್ದಿಗಳ ಮೇಲೆ ಎರಡೂ ಒಟ್ಟಿಗೆ ಬೀಳುತ್ತವೆ. ಹೆಣ್ಣು, ಕಪ್ಪು ಎಂಬ ಎರಡು ಹೊರೆಗಳು ಒಬ್ಬಳ ಮೇಲೇ ಬಿದ್ದಾಗ ಅವುಗಳನ್ನು ಬೇರೆ ಬೇರೆಯಾಗಿ ಎಣಿಸಿ ಅರ್ಥಮಾಡಿಕೊಳ್ಳಲಾಗದು ಎಂದು ಕಾನೂನು ವಿದುಷಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ವಾದಿಸಿದರು. ಯಲ್ಲಮ್ಮನ ಗುಡ್ಡದ ಸುತ್ತ, ದೇವರ ಹೆಸರಿನಲ್ಲಿ ಬಿಟ್ಟ ದಲಿತ ಹೆಣ್ಣುಮಕ್ಕಳ ಬದುಕನ್ನು ಅರಿಯಲು ಆ ವಾದ ಎಷ್ಟು ನೆರವಾಗುತ್ತದೆಂಬುದನ್ನು ಸವದತ್ತಿಯ ವಿದ್ಯಾರ್ಥಿನಿಯರೇ ಪರೀಕ್ಷಿಸಿ ನೋಡಬಹುದು.

ಈ ಅಧ್ಯಯನದಲ್ಲಿ ಒಂದು ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಸಿದ್ದಿಗಳನ್ನು ಹೊರಗಿನವರು ಬಹುಕಾಲದಿಂದ ಮೈಯಾಗಿ ನೋಡಿದ್ದಾರೆ, ಮನಸ್ಸಾಗಿ ನೋಡಿದ್ದು ಕಡಿಮೆ. ಆಫ್ರಿಕಾದ ರಕ್ತವೆಂದರೆ ಹುಟ್ಟಿನಿಂದಲೇ ಓಟಗಾರರೆಂಬ ನಂಬಿಕೆಯಿಂದ 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಕೆಲವರು ಪದಕ ಗೆದ್ದರು, ಕೆಲವರಿಗೆ ನೌಕರಿ ಸಿಕ್ಕಿತು, ಆದರೆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಗಿ ಅನೇಕರು ಅರ್ಧ ದಾರಿಯಿಂದ ಊರಿಗೆ ಮರಳಿದರು. ಇಂದಿನ ಉತ್ಸವಗಳ ಮೆರವಣಿಗೆಯಲ್ಲಿ ಸೊಪ್ಪು ಸುತ್ತಿಸಿ ಕುಣಿಸುವುದೂ ಅದೇ ನೋಟದ ಮುಂದುವರಿಕೆ. ಇದಕ್ಕೆ ಎದುರಾದ ಒಳ್ಳೆಯ ದಾರಿಯನ್ನೂ ಕರ್ನಾಟಕವೇ ತೋರಿಸಿದೆ: 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಮಂಚಿಕೇರಿಯ ಸಿದ್ದಿಗಳೊಡನೆ ರಂಗಶಿಬಿರ ನಡೆಸಿ, ನೈಜೀರಿಯದ ಚಿನುವಾ ಅಚಿಬೆಯ 1958ರ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಆಡಿಸಿತು. ಅಲ್ಲಿ ಅವರು ತೋರಿಕೆಯ ವಸ್ತುವಾಗಿರಲಿಲ್ಲ, ಒಂದು ದೊಡ್ಡ ಕೃತಿಯನ್ನು ಕನ್ನಡದಲ್ಲಿ ಅರ್ಥೈಸುವ ಕಲಾವಿದರಾಗಿದ್ದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಆ ಸಮುದಾಯದ ಮೊದಲ ಶಾಸಕರಾದರು. ಆದರೂ ಸಿದ್ದಿಯೊಬ್ಬರು ಹುಬ್ಬಳ್ಳಿಯ ಬಸ್ಸು ಹತ್ತಿದರೆ ನೀವು ಯಾವ ದೇಶದವರೆಂಬ ಪ್ರಶ್ನೆ ತಪ್ಪುವುದಿಲ್ಲ. ಡುಬೋಯ್ಸ್ ಹೇಳಿದ ಇಬ್ಬಗೆಯ ಅರಿವು ಇದೇ. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಬೇರೆ ಯಾರೋ ಮಾಡಿದ ಅಪಘಾತಕ್ಕಾಗಿ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಎರಗಿದ ಘಟನೆ, ಅಜ್ಞಾನ ಎಷ್ಟು ಬೇಗ ಕೈಮಾಡುತ್ತದೆ ಎಂಬುದನ್ನು ಇಡೀ ರಾಜ್ಯಕ್ಕೆ ತೋರಿಸಿತು.

ನೌಕರಿಯ ಪ್ರಶ್ನೆಗೆ ಉತ್ತರ ನೇರವಾಗಿದೆ. ಈ ಉಪವಿಷಯವೊಂದರಿಂದಲೇ ಯಾರಿಗೂ ಕೆಲಸ ಸಿಗುವುದಿಲ್ಲ. ಉಪವಿಷಯದ ಸ್ವಭಾವವೇ ಮುಖ್ಯ ವಿಷಯಕ್ಕೆ ಹರಿತ ಕೊಡುವುದು. ಕಾನೂನು, ಪತ್ರಿಕೋದ್ಯಮ, ಸಮಾಜಕಾರ್ಯ, ಸಾರ್ವಜನಿಕ ಆರೋಗ್ಯ, ವಸ್ತುಸಂಗ್ರಹಾಲಯದ ಕೆಲಸಗಳಿಗೆ ಹೋಗುವವರಿಗೆ, ದಾಖಲೆಯನ್ನು ಅನುಮಾನದಿಂದ ಓದುವ ಮತ್ತು ಮನುಷ್ಯರನ್ನು ಗೌರವದಿಂದ ಕೇಳುವ ಅಭ್ಯಾಸ ದೊಡ್ಡ ಬಂಡವಾಳ. ಹೊರದೇಶಕ್ಕೆ ಹೋಗುವ ವಿದ್ಯಾರ್ಥಿ ಇದನ್ನು ಆರಿಸಿಕೊಂಡರೆ ಪಾಲಕರು ಹೆದರಬೇಕಾಗಿಲ್ಲ. ತಾನು ಬಂದ ಸೀಮೆಯ ವಿಲಾಯತಿ ಹತ್ತಿಯ ಕಥೆಯನ್ನು, ಸಿದ್ದಿಗಳ ಕಥೆಯನ್ನು ಅಲ್ಲಿಯ ತರಗತಿಗೆ ಒಯ್ಯುವವಳು ಕೇಳುವವಳಾಗಿ ಮಾತ್ರ ಕೂರುವುದಿಲ್ಲ. ಇಲ್ಲಿಯೇ ಉಳಿಯುವವರಿಗೆ ಇತಿಹಾಸ, ಕನ್ನಡ, ಸಮಾಜಶಾಸ್ತ್ರ ಮತ್ತು ಅರ್ಥಶಾಸ್ತ್ರದ ಅಧ್ಯಾಪಕರು ಸೇರಿ ಒಂದೇ ಒಂದು ಐಚ್ಛಿಕ ಪತ್ರಿಕೆಯನ್ನು ರೂಪಿಸಿದರೂ ಸಾಕು, ಅದರ ಅರ್ಧ ಭಾಗ ಪುಸ್ತಕದ್ದಾಗಿ, ಇನ್ನರ್ಧ ಕ್ಷೇತ್ರಕಾರ್ಯದ್ದಾಗಿ ಇರಬೇಕು, ಮತ್ತು ಸಿದ್ದಿ ಸಮುದಾಯದ ಓದಿದ ಯುವಕ ಯುವತಿಯರನ್ನು ಅದಕ್ಕೆ ಮಾಹಿತಿ ಕೊಡುವವರಾಗಿ ಅಲ್ಲ, ಪಾಠ ಹೇಳುವವರಾಗಿ ಕರೆಯಬೇಕು.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು ಅದೇ ಪಟ್ಟಿಗೆ ಸೇರಲು 2020ರವರೆಗೆ ಕಾಯಬೇಕಾಯಿತು. ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಇರುವ ತಾಲ್ಲೂಕಿನಲ್ಲೇ ಅವರು ಈ ಜಿಲ್ಲೆಯ ಲೆಕ್ಕಕ್ಕೆ ಸಿಗದೆ ಉಳಿದದ್ದಕ್ಕೆ ಒಂದು ಕಾರಣ, ಅವರ ಬಗ್ಗೆ ಈ ಜಿಲ್ಲೆಯ ಕಾಲೇಜುಗಳಲ್ಲಿ ಯಾರೂ ಸಾಕಷ್ಟು ಬರೆಯದೆ ಇದ್ದದ್ದು. ರಾಯಣ್ಣನ ಲಾವಣಿ ಬಲ್ಲ ಹಿರಿಯರೂ ಡಮಾಮಿಯ ಹಳೆಯ ಹಾಡು ಬಲ್ಲ ಅಜ್ಜಿಯರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಅಧ್ಯಾಪಕರು ವಿಶ್ವವಿದ್ಯಾಲಯದ ಸುತ್ತೋಲೆಗಾಗಿ ಕಾಯದೆ, ಬರುವ ಬೇಸಿಗೆ ರಜೆಯಲ್ಲಿ ಹತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಸಂಗೊಳ್ಳಿಯಿಂದ ಖಾನಾಪುರದ ಕಾಡಂಚಿನವರೆಗೆ ಹೋಗಿ, ಕೇಳಿ, ಧ್ವನಿಮುದ್ರಿಸಿಕೊಂಡು, ಹಾಡಿದವರ ಹೆಸರಿನೊಡನೆ ಕಾಲೇಜಿನ ಗ್ರಂಥಾಲಯದಲ್ಲಿ ಇಡಲಿ.